ಪಿಎಸ್‌ಸಿ ಮಾಷ್ಟ್ರ ಕೆಲಸ ಬಿಟ್ಟು ರಾಕ್ ಬ್ಯಾಂಡ್? ರಾಬರ್ಟ್ ಪೊಲಾರ್ಡ್ ಬಗ್ಗೆ ಗೊತ್ತಿದ್ದವರು ಹೇಳಿ

ಬೇಳದ ಮಾವ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಡಿ.ಎಲ್.ಎಡ್ ಮುಗಿಸಿ, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿ, ಪಿಎಸ್‌ಸಿಯ (ಕೇರಳ ಲೋಕಸೇವಾ ಆಯೋಗ) ಕಾಸರಗೋಡು ಜಿಲ್ಲೆಯ ಎಲ್‌ಪಿ (ಕಿರಿಯ ಪ್ರಾಥಮಿಕ) ಕನ್ನಡ ಮಾಧ್ಯಮದ ಮಾಷ್ಟ್ರ ಕೆಲಸದ ರ‍್ಯಾಂಕ್ ಲಿಸ್ಟಿಗೆ ಬಂದಿದ್ದ. ಈಗ ಅಡ್ವೈಸ್ ಮೆಮೊ, ಅಂದರೆ ಕೆಲಸಕ್ಕೆ ಶಿಫಾರಸು ಮಾಡಿದ ಪತ್ರ, ಕೂಡ ಬಂತು. ಮನೆಯಲ್ಲಿ ಪಾಯಸ ಮಾಡಿ, ಊರಿಗೆಲ್ಲ ಹೇಳಿಯೂ ಆಯಿತು. ಇವನು ನೋಡಿದರೆ "ನಾನು ಸೇರುವುದಿಲ್ಲ, ಬ್ಯಾಂಡ್ ಮಾಡ್ತೇನೆ" ಅಂತ ಕೂತಿದ್ದಾನೆ.

ಹುಡುಗ ಪೋಕ್ರಿ ಏನಲ್ಲ. ಶಾಲಾ ಕಲೋತ್ಸವದಲ್ಲಿ ಪಾಶ್ಚಾತ್ಯ ಗಿಟಾರಿಗೆ ಎ ಗ್ರೇಡ್ ತಂದವನು. ತಾನೇ ಹಾಡು ಬರೆಯುತ್ತಾನೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾನೆ. ಬುದ್ಧಿ ಹೇಳಲು ಹೋದರೆ ಅಮೆರಿಕದ ರಾಬರ್ಟ್ ಪೊಲಾರ್ಡ್ ಅಂತ ಒಬ್ಬರ ಹೆಸರು ತೆಗೆಯುತ್ತಾನೆ. ಅವರೂ ಪ್ರೈಮರಿ ಮಾಷ್ಟ್ರೇ ಅಂತೆ, ಕೆಲಸ ಬಿಟ್ಟು ದೊಡ್ಡ ಹೆಸರು ಮಾಡಿದರಂತೆ. ತಂಗಿ ದಿನಾ ಫೋನ್ ಮಾಡಿ ಅಳುತ್ತಾಳೆ. ಈ ಪೊಲಾರ್ಡ್ ಯಾರು? ಹೀಗೆ ಬದುಕಲು ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉಪ್ಪಳ ಲೋಕಲ್:
ಪೊಲಾರ್ಡ್ ವೆಸ್ಟ್ ಇಂಡೀಸ್‌ನವ ಅಲ್ವಾ ಮಾವ? ಸಿಕ್ಸರ್ ಹೊಡೆಯುವವ.

ಲಿಸ್ಟಿನಲ್ಲಿದ್ದೇನೆ:
ಮಾವ, ಹುಡುಗನ ಕನಸಿಗೆ ದಯವಿಟ್ಟು ಅಡ್ಡ ಬರಬೇಡಿ. ಕಲೆ ದೊಡ್ಡದು. ಅವನು ರಾಕ್ ಸ್ಟಾರ್ ಆಗಲಿ, ನನ್ನ ಪೂರ್ಣ ಬೆಂಬಲ ಉಂಟು. (ನಾನೂ ಅದೇ ಲಿಸ್ಟಿನಲ್ಲಿ, ಸ್ವಲ್ಪ ಕೆಳಗೆ. ಅವನು ಸೇರದಿದ್ದರೆ ಅದು ಎನ್‌ಜೆಡಿ ವೇಕೆನ್ಸಿ ಆಗುತ್ತದೆ, ಅಂದರೆ ಕೆಲಸಕ್ಕೆ ಸೇರದವರ ಖಾಲಿ ಜಾಗ, ಲಿಸ್ಟಿನ ಕೆಳಗಿನವರಿಗೆ ಸಿಗುತ್ತದೆ.)

ನೀರ್ಚಾಲಿನ ಅಕ್ಕ:
ಲಿಸ್ಟಿನವರೇ, ನಿಮ್ಮ ಪ್ರಾಮಾಣಿಕತೆಗೆ ಒಂದು ನಮಸ್ಕಾರ. ನಕ್ಕು ನಕ್ಕು ಸಾಕಾಯಿತು.

ಕುಂಬಳೆ ಕ್ಯಾಸೆಟ್:
ಮಾವ, ನಾನು ಈ ಪೊಲಾರ್ಡ್ ಹುಚ್ಚು ಹಿಡಿಸಿಕೊಂಡವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಹುಟ್ಟಿದ್ದು 1957ರಲ್ಲಿ, ಒಹಾಯೊ ರಾಜ್ಯದ ಡೇಟನ್‌ನಲ್ಲಿ. ಫ್ಯಾಕ್ಟರಿಗಳ ಊರು. ನ್ಯೂಯಾರ್ಕಲ್ಲ, ಲಾಸ್ ಏಂಜಲಿಸ್ ಅಲ್ಲ, ಸಂಗೀತದವರು ಹುಡುಕಿಕೊಂಡು ಬರುವ ಜಾಗವೇ ಅಲ್ಲ. ಕಾಲೇಜಿನಲ್ಲಿ ಬೇಸ್‌ಬಾಲ್ ಬೌಲರ್, ಅಲ್ಲಿ ಪಿಚರ್ ಅನ್ನುತ್ತಾರೆ. ಆಮೇಲೆ ನಾಲ್ಕನೇ ಕ್ಲಾಸಿನ ಮಾಷ್ಟ್ರು. ನಮ್ಮ ಲೆಕ್ಕದಲ್ಲಿ ಎಲ್‌ಪಿಯ ಕೊನೇ ಕ್ಲಾಸು. ಅಳಿಯ ಹೇಳಿದ್ದರಲ್ಲಿ ಅಷ್ಟು ಸರಿ.

ಆದರೆ ಕೆಲಸ ಬಿಟ್ಟು ಹೆಸರು ಮಾಡಿದ್ದಲ್ಲ ಅವರು. ಕೆಲಸ ಮಾಡುತ್ತಲೇ ಮಾಡಿದ್ದು! ಅವರ ಬ್ಯಾಂಡ್ 'ಗೈಡೆಡ್ ಬೈ ವಾಯ್ಸಸ್' ಶುರುವಾಗಿದ್ದು 1983ರಲ್ಲಿ. ಮೊದಲ ಆಲ್ಬಂ 1987ರಲ್ಲಿ, ಸ್ವಂತ ಖರ್ಚಿನಲ್ಲಿ. ಕೇಳುವವರೇ ಇಲ್ಲ. ಹಾಗೆಯೇ ಒಂದರ ಹಿಂದೆ ಒಂದು ಆಲ್ಬಂ, ಎಲ್ಲ ಕೈಯಿಂದ ದುಡ್ಡು ಹಾಕಿ. 1992ರಲ್ಲಿ 'ಪ್ರೊಪೆಲ್ಲರ್' ಅಂತ ಒಂದು ಮಾಡಿದರು, ಇದೇ ಕೊನೆ ಅಂತ ತೀರ್ಮಾನ ಮಾಡಿಕೊಂಡು. 500 ಪ್ರತಿ ಮಾತ್ರ. ಕವರ್ ಅಚ್ಚು ಹಾಕಿಸುವ ಬದಲು ಬ್ಯಾಂಡಿನವರು, ಸ್ನೇಹಿತರು ಕೂತು ಒಂದೊಂದನ್ನೂ ಕೈಯಲ್ಲೇ ಮಾಡಿದರು. ಬಣ್ಣ, ಅಂಟು, ಹಳೇ ಪತ್ರಿಕೆಯ ತುಂಡು. 500 ಕವರೂ ಬೇರೆ ಬೇರೆ! ಈಗ ಅದರಲ್ಲಿ ಒಂದು ಸಿಕ್ಕಿದರೆ ಸಂಗ್ರಹಕಾರರು ಬಾಯಿಗೆ ಬಂದ ಬೆಲೆ ಕೊಡುತ್ತಾರೆ.

ಆ ಕೊನೇ ಆಲ್ಬಮ್ಮೇ ಕೈಯಿಂದ ಕೈಗೆ ಹೋಗಿ ದೊಡ್ಡವರ ಕಿವಿಗೆ ಬಿತ್ತು. 1994ರಲ್ಲಿ 'ಬೀ ಥೌಸಂಡ್' ಬಂತು. 20 ಹಾಡು, ಎಲ್ಲ ಸೇರಿ ಮುಕ್ಕಾಲು ಗಂಟೆಯೂ ಇಲ್ಲ. ಆಗಲೇ ಶಾಲೆ ಬಿಟ್ಟದ್ದು. ಅಷ್ಟು ಹೊತ್ತಿಗೆ ವಯಸ್ಸು 36. ಪಾಠ ಮಾಡಿ ಹದಿನಾಲ್ಕು ವರ್ಷ ಆಗಿತ್ತು.

ಬೇಳದ ಮಾವ:
ಹದಿನಾಲ್ಕು ವರ್ಷವಾ! ಇವನು ಅದನ್ನು ಹೇಳಲೇ ಇಲ್ಲ ನೋಡಿ. ಈಗಲೇ ತಂಗಿಗೆ ಕಳಿಸುತ್ತೇನೆ.

ಉಪ್ಪಳ ಲೋಕಲ್:
ಅಳಿಯ ಲೆಕ್ಕದ ಮಾಷ್ಟ್ರಾಗುವುದು ಬೇಡ.

ನಿವೃತ್ತ ಮಾಷ್ಟ್ರು:
ನಾನು ಶಾಲೆಯಲ್ಲಿ ಮೂರು ದಶಕ ಕಳೆದವನು. ನಮ್ಮ ಕಡೆ ಇದೇನು ಹೊಸತೇ? ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಎಷ್ಟು ಮಂದಿ ಮಾಷ್ಟ್ರುಗಳಿಲ್ಲ ಹೇಳಿ. ಬೆಳಿಗ್ಗೆ ಗುಣಾಕಾರ, ರಾತ್ರಿ ಕರ್ಣ. ಮರುದಿನ ಫಸ್ಟ್ ಪೀರಿಯಡ್‌ನಲ್ಲಿ ಕಣ್ಣು ಕೆಂಪು. ಹೆಡ್‌ಮಾಷ್ಟ್ರಿಗೂ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು. ಯಾರೂ ಕೆಲಸ ಬಿಡಲಿಲ್ಲ, ಯಾರೂ ಆಟ ಕೂಟ ಬಿಡಲಿಲ್ಲ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಿನಲ್ಲಿ ಕೂತು ಕಲೆಗೋಸ್ಕರ ನೌಕರಿ ಬಿಡಬೇಕು ಅಂದರೆ ನನಗೆ ಅರ್ಥ ಆಗುವುದಿಲ್ಲ.

ಒಂದೇ ಮಾತು. ಸರಕಾರಿ ನೌಕರನಾದ ಮೇಲೆ ದುಡ್ಡು ತೆಗೆದುಕೊಂಡು ಕಾರ್ಯಕ್ರಮ ಕೊಡುವುದಾದರೆ ಇಲಾಖೆಯ ಅನುಮತಿ ಕೇಳಿ ಕಾಗದ ಇಟ್ಟುಕೊಳ್ಳಲಿ. ಊರಿನಲ್ಲಿ ದೂರು ಬರೆಯುವವರಿಗೆ ಬರಗಾಲ ಇಲ್ಲ.

ಪೆರ್ಲದ ಬಾಸ್:
ಮಾಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ತಾಳಮದ್ದಳೆಗೂ ರಾಕ್ ಬ್ಯಾಂಡಿಗೂ ವ್ಯತ್ಯಾಸ ಉಂಟು. ಅರ್ಥಧಾರಿ ಶಾಲು ಹೊದ್ದು ಬಸ್ಸು ಹತ್ತಿದರೆ ಆಯಿತು. ಕೇಳುವವರು ಮೊದಲೇ ಇದ್ದಾರೆ, ಪ್ರಸಂಗ ಮೊದಲೇ ಉಂಟು. ಬ್ಯಾಂಡಿಗೆ ಡ್ರಮ್ಸ್ ಬೇಕು, ಆಂಪ್ ಬೇಕು, ನಾಲ್ಕು ಜನರ ಬಿಡುವು ಒಂದೇ ದಿನ ಸಿಗಬೇಕು, ಮತ್ತೆ ಯಾರಿಗೂ ಗೊತ್ತಿಲ್ಲದ ಹಾಡು ಕೇಳಿಸಬೇಕು.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಬಾಸ್ ಗಿಟಾರ್ ನುಡಿಸಿದವನು. ನೋಡಿದ್ದನ್ನು ಹೇಳುತ್ತೇನೆ. ಎಂಜಿ ರೋಡಿನ ಹತ್ತಿರ ಒಂದು ಪಬ್ಬು. ರಾತ್ರಿ ಒಂಬತ್ತಕ್ಕೆ ಕಾರ್ಯಕ್ರಮ ಅಂದರೆ ಸಂಜೆ ನಾಲ್ಕಕ್ಕೆ ಹೋಗಬೇಕು. ಲಿಫ್ಟಿನಲ್ಲಿ ಡ್ರಮ್ಸ್ ಹಿಡಿಸುವುದಿಲ್ಲ, ಮೂರು ಮಹಡಿ ಹೊತ್ತುಕೊಂಡು ಹತ್ತಬೇಕು. ಸೌಂಡ್ ಚೆಕ್ ಅಂತ ಹತ್ತು ನಿಮಿಷ ಕೊಡುತ್ತಾರೆ, ಅದರಲ್ಲಿ ಐದು ನಿಮಿಷ ಯಾವ ವಯರು ಸತ್ತಿದೆ ಅಂತ ಹುಡುಕುವುದಕ್ಕೇ ಹೋಗುತ್ತದೆ. ಸ್ವಂತ ಹಾಡು ಎರಡು ಆದ ಮೇಲೆ ಮ್ಯಾನೇಜರ್ ಬಂದು ಕಿವಿಯಲ್ಲಿ "ಗೊತ್ತಿರೋ ಹಾಡು ಹೊಡೀರಿ ಸಾರ್" ಅನ್ನುತ್ತಾನೆ. ಊಟ ಬೇಕಾದರೆ ಅಡುಗೆಮನೆ ಮುಚ್ಚುವ ಮೊದಲೇ ಹೇಳಿಡಬೇಕು. ದುಡ್ಡು? ತಿಂಗಳುಗಟ್ಟಲೆ ಫೋನ್ ಮಾಡಿ, ಕೊನೆಗೆ ಅರ್ಧ. ಅದನ್ನು ನಾಲ್ಕು ಪಾಲು ಮಾಡಿ, ಆಟೋ ಖರ್ಚು ಕಳೆದರೆ ಉಳಿಯುವುದು ಒಂದು ಸೆಟ್ ತಂತಿಯ ದುಡ್ಡು. ಬಾಸಿನ ತಂತಿ ಅಂತೂ ಅದೂ ಬರುವುದಿಲ್ಲ.

ಆದರೂ ಆ ವರ್ಷಗಳನ್ನು ವಾಪಸು ಕೊಡಿ ಅಂದರೆ ಕೊಡುವುದಿಲ್ಲ ನಾನು. ಅದು ಬೇರೆ ವಿಷಯ.

ನೀರ್ಚಾಲಿನ ಅಕ್ಕ:
ಬಾಸ್ ಅಣ್ಣ, ಈಗ ಎಂತ ಮಾಡುತ್ತಿದ್ದೀರಿ?

ಪೆರ್ಲದ ಬಾಸ್:
ಅಡಿಕೆ, ಸ್ವಲ್ಪ ಕಾಳುಮೆಣಸು. ಭಾನುವಾರ ನಾಲ್ಕು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ ಅಕ್ಕ.

ಹೊಸೂರು ಹುಡುಗ:
ರಘು ದೀಕ್ಷಿತ್ ಹೆಸರು ಇನ್ನೂ ಯಾರೂ ಹೇಳಿಲ್ಲ? ಹುಟ್ಟಿದ್ದು ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ತಗೊಂಡವರು, ಭರತನಾಟ್ಯ ಕಲಿತವರು. ಕೆಲಸ ಬಿಟ್ಟು ಬಂದು, ಯಾವ ಕಂಪನಿಯೂ ಹಾಡು ತಗೊಳ್ಳದೆ ಅಲೆದು, ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಆಗ ವಯಸ್ಸು ಮೂವತ್ತು ದಾಟಿತ್ತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಲುಂಗಿ ಉಟ್ಟುಕೊಂಡು ಹಾಡಿದರು. ಶಿಶುನಾಳ ಷರೀಫರ ಪದವನ್ನು ಗಿಟಾರಿಗೆ ಹಾಕಿ ಅಲ್ಲಿಯವರನ್ನು ಕುಣಿಸಿದರು. ಅವರು ಕೆಲಸದಲ್ಲೇ ಕೂತಿದ್ದರೆ?

ಕುಂಬಳೆ ಕ್ಯಾಸೆಟ್:
ಕೂತಿದ್ದರೆ ಒಬ್ಬ ಒಳ್ಳೆ ವಿಜ್ಞಾನಿ ಆಗುತ್ತಿದ್ದರು. ನೀವು ಹೇಳಿದ್ದರಲ್ಲೂ ನೋಡಿ, ಮೂವತ್ತು ದಾಟಿದ ಮೇಲೆ. ಅವರಿಗೂ ಸಿನಿಮಾ ಸಂಗೀತ ಕೈ ಹಿಡಿಯಿತು. 'ಸೈಕೋ' ಬಂದದ್ದೂ ಅದೇ 2008ರಲ್ಲಿ.

ಹೊಸೂರು ಹುಡುಗ:
ಸಿನಿಮಾ ಮಾಡಿದರೆ ಇಂಡಿ (ಸ್ವತಂತ್ರ ಸಂಗೀತದವರು) ಅಲ್ಲ ಅಂತಲಾ ನಿಮ್ಮ ವಾದ?

ಕುಂಬಳೆ ಕ್ಯಾಸೆಟ್:
ನಾನು ಹಾಗೆ ಎಲ್ಲಿ ಹೇಳಿದೆ? ದುಡ್ಡು ಎಲ್ಲಿಂದ ಬರುತ್ತದೆ ಅಂತ ಮಾವ ಕೇಳಿದ್ದು, ಅದಕ್ಕೆ ಹೇಳಿದೆ. ಥರ್ಮಲ್ ಆಂಡ್ ಎ ಕ್ವಾರ್ಟರ್ ನೋಡಿ, 1996ರಿಂದ ಬೆಂಗಳೂರಿನಲ್ಲಿರುವ ಬ್ಯಾಂಡು. ಅವರು ಸಂಗೀತ ಶಾಲೆಯನ್ನೇ ತೆರೆದರು. ಅವಿಯಲ್ ಬ್ಯಾಂಡು ಮಲಯಾಳದಲ್ಲೇ ರಾಕ್ ಹಾಡಿ ಹೆಸರು ಮಾಡಿತು, ಅದರ ಗಿಟಾರಿಸ್ಟ್ ರೆಕ್ಸ್ ವಿಜಯನ್ ಈಗ ಮಲಯಾಳ ಸಿನಿಮಾಗಳಿಗೆ ಸಂಗೀತ ಕೊಡುತ್ತಾರೆ. ಎಲ್ಲರದ್ದೂ ಒಂದು ಕೈಯಲ್ಲಿ ಬ್ಯಾಂಡು, ಇನ್ನೊಂದು ಕೈಯಲ್ಲಿ ಬೇರೆ ಏನಾದರೂ. ಬರೀ ಸ್ವಂತ ಹಾಡಿನಿಂದಲೇ ಮನೆ ನಡೆಸಿದವರು ಬೆರಳೆಣಿಕೆ.

ಉಪ್ಪಳ ಲೋಕಲ್:
ಮಲಯಾಳದಲ್ಲಿ ಹಾಡಿದರೆ ಕೇಳುವವರಾದರೂ ಇದ್ದಾರೆ. ಕಾಸರಗೋಡಿನ ಕನ್ನಡದ ಹುಡುಗ ಎಲ್ಲಿ ಹಾಡುವುದು? ಕೊಚ್ಚಿಯವರಿಗೆ ಇವನು ಕನ್ನಡದವ, ಬೆಂಗಳೂರಿನವರಿಗೆ ಕೇರಳದವ. "ಓ ಕಾಸರಗೋಡಾ, ಸಿನಿಮಾ ನೋಡಿದೀನಿ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು.

ಅಕ್ಕಲಕೋಟೆ ಕಡೆಯವ:
ನಮ್ಮ ಸೋಲಾಪುರ ಜಿಲ್ಲೆಯ ಕನ್ನಡದವರದ್ದೂ ಇದೇ ಹಾಡು ನೋಡ್ರಿ. ನಮ್ಮಲ್ಲಿ ಭಜನಿ ಮ್ಯಾಳದಾಗ ಕನ್ನಡ ಪದ ಹಾಡತಾರ, ಮದುವಿ ಬ್ಯಾಂಡಿನಾಗ ಮರಾಠಿ ಬಾರಿಸತಾರ. ನಿಮಗ ಕನ್ನಡ ಮಾಧ್ಯಮದ ಮಾಸ್ತರ ಪೋಸ್ಟರ ಅದಾವ, ಪುಣ್ಯವಂತರು!

ಲಿಸ್ಟಿನಲ್ಲಿದ್ದೇನೆ:
ಪೋಸ್ಟ್ ಉಂಟು ಅಣ್ಣ, ಆದರೆ ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಹಾಕಿದ ಕಥೆಯೂ ಉಂಟು. ಮಕ್ಕಳು ಕನ್ನಡದಲ್ಲಿ ಕೇಳಿದರೆ ಟೀಚರಿಗೆ ಅರ್ಥವಾಗುವುದಿಲ್ಲ. ಲಿಸ್ಟಿಗೆ ಗರಿಷ್ಠ ಮೂರು ವರ್ಷ ಆಯುಸ್ಸು. ಮುಗಿದರೆ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ನಾವು...

ವೇದಿಕೆ ನಿರ್ವಾಹಕ:
ಇದಕ್ಕೆ ಬೇರೆ ಎಳೆ ಉಂಟು, ಅಲ್ಲಿ ಬರೆಯಿರಿ. ಇಲ್ಲಿ ಪೊಲಾರ್ಡ್, ಬ್ಯಾಂಡು, ಮಾವನ ಅಳಿಯ ಇಷ್ಟೇ ಸಾಕು.

ನೀರ್ಚಾಲಿನ ಅಕ್ಕ:
ಕ್ಯಾಸೆಟ್ ಅಣ್ಣ, ಒಂದು ಪ್ರಶ್ನೆ. ಶಾಲೆಗೆ ಹೋಗುವವರು ಇಷ್ಟೊಂದು ರೆಕಾರ್ಡ್ ಮಾಡಿದ್ದು ಹೇಗೆ? ಸ್ಟುಡಿಯೋಗೆ ತುಂಬಾ ದುಡ್ಡಾಗುತ್ತದೆ ಅಲ್ವಾ?

ಕುಂಬಳೆ ಕ್ಯಾಸೆಟ್:
ಈ ಪ್ರಶ್ನೆಗೆ ಕಾಯುತ್ತಿದ್ದೆ ಅಕ್ಕ!

ಅವರ ಒಳ್ಳೊಳ್ಳೆ ಹಾಡುಗಳು ಸ್ಟುಡಿಯೋದಲ್ಲಿ ಆದದ್ದೇ ಅಲ್ಲ. ಮನೆಯ ನೆಲಮಾಳಿಗೆ, ಗ್ಯಾರೇಜು. ಮಷಿನು ಫೋರ್-ಟ್ರ್ಯಾಕ್ ಅಂತ. ನಮ್ಮ ಮನೆಯಲ್ಲಿದ್ದ ಸಾಮಾನ್ಯ ಕ್ಯಾಸೆಟ್ ಉಂಟಲ್ಲ, ಅದರಲ್ಲಿ ಒಟ್ಟು ನಾಲ್ಕು ಗೆರೆ ಇರುತ್ತದೆ. ಎ ಸೈಡಿಗೆ ಎರಡು, ಬಿ ಸೈಡಿಗೆ ಎರಡು. ಈ ಮಷಿನು ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಓಡಿಸುತ್ತದೆ. ಹಾಗಾಗಿ ಮೊದಲ ಗೆರೆಯಲ್ಲಿ ಡ್ರಮ್ಸ್, ಎರಡನೆಯದರಲ್ಲಿ ಗಿಟಾರ್, ಮೂರರಲ್ಲಿ ಬಾಸ್, ನಾಲ್ಕರಲ್ಲಿ ದನಿ. ಒಬ್ಬನೇ ಕೂತು ಇಡೀ ಬ್ಯಾಂಡ್ ಆಗಬಹುದು. ಟೀಯಾಕ್ ಕಂಪನಿ ಇಂಥ ಮಷಿನನ್ನು ಮೊದಲು ತಂದದ್ದು 1979ರಲ್ಲಿ. ಅದು ಬಂದ ಮೇಲೆಯೇ ಬಡವರ ಮನೆಯಲ್ಲೂ ಆಲ್ಬಂ ಹುಟ್ಟತೊಡಗಿತು. ಬ್ಯಾಂಡಿನ ಟೋಬಿನ್ ಸ್ಪ್ರೌಟ್ ಈ ಮಷಿನಿನಲ್ಲಿ ಪಳಗಿದವರು.

ದನಿಯಲ್ಲಿ 'ಸ್ಸ್' ಅನ್ನುವ ಸದ್ದು, ಎಲ್ಲೋ ಗಿಟಾರ್ ಕಟ್ ಆದದ್ದು, ಹಾಡು ಒಂದೂವರೆ ನಿಮಿಷಕ್ಕೇ ಮುಗಿದದ್ದು, ಎಲ್ಲ ಹಾಗೇ ಬಿಟ್ಟರು. 'ಬೀ ಥೌಸಂಡ್' ಬಂದ ಮುಂದಿನ ವರ್ಷ 1995ರಲ್ಲಿ ಮ್ಯಾಟಡೋರ್ ಅನ್ನುವ ದೊಡ್ಡ ಇಂಡಿ ಕಂಪನಿಗೆ 'ಏಲಿಯನ್ ಲೇನ್ಸ್' ಕೊಟ್ಟರು. ಅದರಲ್ಲಿ 28 ಹಾಡು. ಕಂಪನಿ ಸಿಕ್ಕಿದ ಮೇಲೂ ಮನೆಯ ಮಷಿನು ಬಿಡಲಿಲ್ಲ.

ಆಮೇಲೆ 1999ರಲ್ಲಿ ಕಾರ್ಸ್ ಬ್ಯಾಂಡಿನ ರಿಕ್ ಒಕಾಸೆಕ್ ಕೈಯಲ್ಲಿ ಪ್ರೊಡ್ಯೂಸ್ ಮಾಡಿಸಿ ದೊಡ್ಡ ಸ್ಟುಡಿಯೋದ ನುಣುಪಾದ ಆಲ್ಬಂ ತಂದರು. ರೇಡಿಯೋ ಹಿಟ್ ಆಗಬೇಕು ಅಂತ ಆಸೆ. ಆಗಲಿಲ್ಲ. ಹಳೇ ಅಭಿಮಾನಿಗಳು ಮುಖ ಸಿಂಡರಿಸಿದರು. ನನಗೂ ಅದು ಸೇರುವುದಿಲ್ಲ. ಜಗಳಕ್ಕೆ ಬರುವವರು ಬನ್ನಿ.

ಪೆರ್ಲದ ಬಾಸ್:
ಬಂದೆ. ಆ ಆಲ್ಬಂ ಚೆನ್ನಾಗಿದೆ. ಬಾಸು ಸರಿಯಾಗಿ ಕೇಳುವುದೇ ಅದರಲ್ಲಿ. ನಿಮಗೆ ಸದ್ದು ಗಲೀಜಾಗಿದ್ದರೆ ಮಾತ್ರ ಕಲೆ ಅನಿಸುವುದು.

ಕುಂಬಳೆ ಕ್ಯಾಸೆಟ್:
ಬಾಸಿನವರ ತೀರ್ಪು ಬಾಸಿನ ಕಡೆಗೇ. ಬಿಡಿ.

ನಿವೃತ್ತ ಮಾಷ್ಟ್ರು:
ಅವರ ವಿಡಿಯೋ ಒಂದು ನೋಡಿದೆ. ವೇದಿಕೆ ಮೇಲೆ ಐಸ್ ಪೆಟ್ಟಿಗೆ ಇಟ್ಟು, ಹಾಡಿನ ನಡುವೆ ಬಿಯರ್ ಕುಡಿಯುತ್ತಾರಲ್ಲ ಮಾರಾಯ್ರೇ! ಕಾಲು ಆಕಾಶಕ್ಕೆ ಎತ್ತುತ್ತಾರೆ. ಇವರು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದವರೇ?

ಉಪ್ಪಳ ಲೋಕಲ್:
ಮಕ್ಕಳಿಗೆ ಪಾಠ ಮಾಡಿದ್ದಕ್ಕೇ ಕುಡಿಯುವುದು ಮಾಷ್ಟ್ರೇ.

ನೀರ್ಚಾಲಿನ ಅಕ್ಕ:
ನಗಬಾರದು, ಆದರೂ ನಗು ಬಂತು. ಆದರೆ ತಾಯಿಗೆ ಆ ಹೆದರಿಕೆಯೂ ಇರುತ್ತದೆ, ಅದನ್ನು ತಮಾಷೆ ಮಾಡಿ ತಳ್ಳಬೇಡಿ. ನನ್ನ ಮಗಳು ಎಲಿಯಟ್ ಸ್ಮಿತ್ ಅಂತ ಒಬ್ಬನನ್ನು ದಿನವಿಡೀ ಕೇಳುತ್ತಾಳೆ. ಪಿಸುಗುಟ್ಟಿದ ಹಾಗೆ ಹಾಡುತ್ತಾನೆ. ಅವನೂ ಮನೆಯ ನೆಲಮಾಳಿಗೆಯಲ್ಲಿ ರೆಕಾರ್ಡ್ ಮಾಡಿ 1994ರಲ್ಲಿ ಒಬ್ಬನೇ ಮೊದಲ ಆಲ್ಬಂ ತಂದವ. ನಾಲ್ಕು ವರ್ಷಕ್ಕೆ ಆಸ್ಕರ್ ವೇದಿಕೆ. ಬಿಳಿ ಸೂಟು ಹಾಕಿಕೊಂಡು, ಒಂದು ಗಿಟಾರ್ ಹಿಡಿದು, ಟೈಟಾನಿಕ್ ಹಾಡಿನ ಎದುರು ನಿಂತಿದ್ದ. ಪ್ರಶಸ್ತಿ ಟೈಟಾನಿಕ್‌ಗೇ ಹೋಯಿತು. 2003ರಲ್ಲಿ ತೀರಿಯೇ ಹೋದ. ಮೂವತ್ತನಾಲ್ಕು ವರ್ಷ ಅಷ್ಟೇ. ಖಿನ್ನತೆ, ಡ್ರಗ್ಸು ಎರಡೂ ಕಾಡಿತ್ತು. ಪೊಲಾರ್ಡ್ ಬಾಳಿ ಬದುಕಿದರು, ಎಲ್ಲರೂ ಹಾಗಲ್ಲ.

ಕುಂಬಳೆ ಕ್ಯಾಸೆಟ್:
ಅಕ್ಕ ಹೇಳಿದ್ದು ನಿಜ. ಪೊಲಾರ್ಡ್ ಉಳಿದದ್ದಕ್ಕೆ ಒಂದು ಕಾರಣ ಊರು ಬಿಡದೆ ಇದ್ದದ್ದು ಅಂತ ನನಗೆ ಅನಿಸುತ್ತದೆ. ಹೆಸರು ಬಂದ ಮೇಲೂ ಡೇಟನ್ ಬಿಡಲಿಲ್ಲ. ಅದೇ ಗೆಳೆಯರು, ಅದೇ ಊರು. ಬ್ಯಾಂಡನ್ನು 2004ರ ಡಿಸೆಂಬರ್ 31ರಂದು ಶಿಕಾಗೋದಲ್ಲಿ ಗಂಟೆಗಟ್ಟಲೆ ಹಾಡಿ ಮುಗಿಸಿದರು. 2010ರಲ್ಲಿ ಹಳಬರನ್ನು ಸೇರಿಸಿ ಮತ್ತೆ ಶುರು. ಮತ್ತೆ ನಿಂತು, ಮತ್ತೆ 2016ರಲ್ಲಿ ಹೊಸ ಜನ. ಬರೆದ ಹಾಡು ಸಾವಿರ ದಾಟಿ ಎಷ್ಟೋ ಕಾಲ ಆಯಿತು. ನಡುನಡುವೆ ಪತ್ರಿಕೆ ಕತ್ತರಿಸಿ ಅಂಟಿಸಿ ಕೊಲಾಜ್ ಮಾಡುತ್ತಾರೆ, ಅದನ್ನೂ ಮಾರುತ್ತಾರೆ. ಎಪ್ಪತ್ತರ ಹತ್ತಿರ ಬಂದರೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಆಲ್ಬಂ ತಂದವರು ಅವರು.

ಆ ಅಳಿಯ ನಾನೇ:
ಮಾವ, ನನ್ನ ಹತ್ತಿರ ಒಂದು ಮಾತು ಕೇಳದೆ ಇಲ್ಲಿ ಹಾಕಿದ್ದೀರಿ. ಇರಲಿ. ಅಮ್ಮನೇ ಲಿಂಕ್ ಕಳಿಸಿದರು, "ಹದಿನಾಲ್ಕು ವರ್ಷ" ಅಂತ ಕೆಂಪು ಗೆರೆ ಎಳೆದು.

ಪೊಲಾರ್ಡ್ ಎಷ್ಟು ವರ್ಷ ಪಾಠ ಮಾಡಿದರು ಅಂತ ನನಗೆ ಗೊತ್ತಿದೆ. ಆದರೆ ನೀವು ಯಾರೂ ಹೇಳದ ಒಂದು ಸಂಗತಿ ಉಂಟು. ಬ್ಯಾಂಡ್ ಶುರುವಾದ ಮೇಲಿನ ಆ ಹತ್ತು ಹನ್ನೊಂದು ವರ್ಷ ಅವರಿಗೆ ಮನೆಯಲ್ಲೂ ಬೆಂಬಲ ಇರಲಿಲ್ಲ, ಊರಲ್ಲೂ ಇರಲಿಲ್ಲ. ಎಷ್ಟೋ ಮಂದಿ ಬಿಡು ಅಂದರು. ಕೆಲಸ ಇಟ್ಟುಕೊಂಡೇ ಮಾಡು ಅಂತ ಈಗ ಹೇಳುವವರು, ಕೆಲಸಕ್ಕೆ ಸೇರಿದ ಮೇಲೆ ಇನ್ನು ಇದೆಲ್ಲ ಯಾಕೆ ಅನ್ನುತ್ತೀರಿ. ಆಮೇಲೆ ಮದುವೆ. ಆಮೇಲೆ ಮನೆ ಸಾಲ. ನನ್ನ ಹೆದರಿಕೆ ಅದು. ಶಾಲೆಯ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳೂ ಇಷ್ಟವೇ.

ಇನ್ನೊಂದು. ಆಗ ಡಿಸ್ಕ್ ಮಾರಿದರೆ ದುಡ್ಡು ಬರುತ್ತಿತ್ತು. ಈಗ ಸ್ಪಾಟಿಫೈನಲ್ಲಿ ಒಂದು ಹಾಡನ್ನು ವರ್ಷಕ್ಕೆ ಸಾವಿರ ಸಲವಾದರೂ ಕೇಳದಿದ್ದರೆ ಆ ಹಾಡಿಗೆ ಪೈಸೆಯೂ ಇಲ್ಲ. 2024ರಿಂದ ಹೊಸ ನಿಯಮ. ಹಾಗಾಗಿ ಊರೂರು ತಿರುಗಿ ಹಾಡಲೇಬೇಕು. ಸೋಮವಾರದಿಂದ ಶುಕ್ರವಾರ ಶಾಲೆ ಇದ್ದರೆ ತಿರುಗುವುದು ಯಾವಾಗ?

ನಿವೃತ್ತ ಮಾಷ್ಟ್ರು:
ಬಾ ಮಗಾ. ಚೆನ್ನಾಗಿ ಬರೆದಿದ್ದಿ. ತಿರುಗುವುದು ಯಾವಾಗ ಅಂತ ಕೇಳಿದ್ದಿ. ಯಕ್ಷಗಾನ ಮೇಳದವರ ತಿರುಗಾಟ ಯಾವಾಗ ಮುಗಿಯುತ್ತದೆ? ಪತ್ತನಾಜೆಗೆ. ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತಾರೆ. ನಮ್ಮ ಶಾಲೆಗೆ ರಜೆ ಏಪ್ರಿಲ್, ಮೇ. ಜಾತ್ರೆ, ಕ್ಲಬ್ಬಿನ ವಾರ್ಷಿಕೋತ್ಸವ, ಎಲ್ಲ ಆ ಎರಡು ತಿಂಗಳಲ್ಲೇ. ಮಳೆ ಶುರುವಾದ ಮೇಲೆ ನಿನ್ನನ್ನು ಯಾರೂ ಕರೆಯುವುದಿಲ್ಲ, ಆಗ ಹೋಗಿ ಪಾಠ ಮಾಡು.

ಮದುವೆ ವಿಷಯ ನಿನ್ನ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ ಬೇಕಾದರೆ.

ಪೆರ್ಲದ ಬಾಸ್:
ಇದು ಒಳ್ಳೆ ಲೆಕ್ಕ. ಆದರೆ ಬಯಲಿನಲ್ಲಿ ಕಾರ್ಯಕ್ರಮ ಮಾಡುವುದಾದರೆ ರಾತ್ರಿ ಹತ್ತರ ಮೇಲೆ ಮೈಕ್ ಇಲ್ಲ, ನೆನಪಿರಲಿ. 2000ದ ಶಬ್ದ ಮಾಲಿನ್ಯ ನಿಯಮ. ಯಕ್ಷಗಾನಕ್ಕೂ ಈಗ ಅದೇ ಪಾಡು, ಕಾಲಮಿತಿ ಆಟ. ಏಳಕ್ಕೇ ಹತ್ತಿ ಹಾಡಿ ಇಳಿಯಬೇಕು. ಮೊದಲು ಭಾಷಣ, ಸನ್ಮಾನ, ಆಮೇಲೆ ಬ್ಯಾಂಡ್ ಅಂದರೆ ಒಪ್ಪಬೇಡ. ಒಪ್ಪಿದರೆ ನಿನಗೆ ಉಳಿಯುವುದು ಇಪ್ಪತ್ತು ನಿಮಿಷ.

ಮಂಜೇಶ್ವರ ವಕೀಲ:
ತಡವಾಗಿ ಬಂದೆ. ಹುಡುಗ ಸ್ವಂತ ಸಾಹಿತ್ಯವನ್ನೇ ಹಾಡುತ್ತಾನಾ? ಅಥವಾ ಕವಿಗಳದ್ದೂ ಉಂಟಾ?

ಆ ಅಳಿಯ ನಾನೇ:
ಸ್ವಂತದ್ದು ಜಾಸ್ತಿ ಸಾರ್. ಕಯ್ಯಾರರ ಒಂದು ಪದ್ಯಕ್ಕೆ ಟ್ಯೂನ್ ಹಾಕಿ ಇಟ್ಟಿದ್ದೇನೆ, ಇನ್ನೂ ಎಲ್ಲೂ ಹಾಕಿಲ್ಲ.

ಮಂಜೇಶ್ವರ ವಕೀಲ:
ಹಾಕುವ ಮೊದಲು ಅವರ ಮನೆಯವರಿಂದ ಲಿಖಿತ ಅನುಮತಿ ತಗೊಳ್ಳಬೇಕು. ಕಾನೂನು ಹೀಗೆ: ಕವಿ ತೀರಿಕೊಂಡ ಮರುವರ್ಷದ ಜನವರಿ ಒಂದರಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಹಾಗಾಗಿ 2075ರ ಕೊನೆಯವರೆಗೂ ಹಕ್ಕು ಉಂಟು. ಅನುಮತಿ ಇಲ್ಲದೆ ಹಾಕಿ, ಹಾಡು ಓಡಿತು ಅಂತಿಟ್ಟುಕೊಳ್ಳಿ, ಆಗಲೇ ಕಷ್ಟ ಶುರು.

ಆದರೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕವನಗಳ ಹಕ್ಕು 2023ರ ಡಿಸೆಂಬರಿಗೆ ಮುಗಿಯಿತು. ಈಗ ಯಾರೂ ಹಾಡಬಹುದು, ಯಾರನ್ನೂ ಕೇಳಬೇಕಾಗಿಲ್ಲ. ನನಗೆ ತಿಳಿದಂತೆ ಈ ಅವಕಾಶವನ್ನು ನಮ್ಮ ಕಡೆಯ ಹುಡುಗರು ನೋಡಿಯೇ ಇಲ್ಲ.

ಉಪ್ಪಳ ಲೋಕಲ್:
ರಾಷ್ಟ್ರಕವಿಗೆ ಡ್ರಮ್ಸ್! ಹಿರಿಯರು ಹೊಡೆಯಲು ಬರುತ್ತಾರೆ.

ನಿವೃತ್ತ ಮಾಷ್ಟ್ರು:
ಬರಲಿ. 1911ರಲ್ಲಿ ಗೋವಿಂದ ಪೈಗಳು ಪ್ರಾಸ ಬಿಟ್ಟು ಬರೆದಾಗ ಹಿರಿಯರು ಹೊಗಳಿದರು ಅಂದುಕೊಂಡಿರಾ? ಎರಡನೇ ಅಕ್ಷರಕ್ಕೆ ಪ್ರಾಸ ಇಲ್ಲದಿದ್ದರೆ ಅದು ಪದ್ಯವೇ ಅಲ್ಲ ಅನ್ನುವ ಕಾಲ. ಬೈಸಿಕೊಂಡೇ ಬರೆದರು. ಆ ಮನುಷ್ಯನ ಪದ್ಯಕ್ಕೆ ಗಿಟಾರ್ ಹಾಕಿದರೆ ತಪ್ಪೇನು? ನಾನು ಮೊದಲನೇ ಸಾಲಿನಲ್ಲಿ ಕೂತು ಕೇಳುತ್ತೇನೆ, ಕಿವಿಗೆ ಹತ್ತಿ ಇಟ್ಟುಕೊಂಡು.

ಹೊಸೂರು ಹುಡುಗ:
ಇದನ್ನೇ ನಾನು ಮೊದಲಿಂದ ಹೇಳಿದ್ದು. ಷರೀಫರಿಗೆ ರಘು ದೀಕ್ಷಿತ್ ಸಿಕ್ಕಿದರು, ಗೋವಿಂದ ಪೈಗಳಿಗೆ ಬೇಳದ ಹುಡುಗ ಸಿಗಲಿ.

ಕುಂಬಳೆ ಕ್ಯಾಸೆಟ್:
ನೀವು ಮೊದಲಿಂದ ಹೇಳಿದ್ದು ಕೆಲಸ ಬಿಡು ಅಂತ.

ಲಿಸ್ಟಿನಲ್ಲಿದ್ದೇನೆ:
ಎಲ್ಲರೂ ಸೇರಿ ಅವನನ್ನು ಕೆಲಸಕ್ಕೆ ಕಳಿಸುತ್ತಿದ್ದೀರಿ. ನನ್ನ ಗತಿ?

ನೀರ್ಚಾಲಿನ ಅಕ್ಕ:
ನೀವೂ ಗಿಟಾರ್ ಕಲಿಯಿರಿ. ಪೆರ್ಲದಲ್ಲಿ ಭಾನುವಾರ ಕ್ಲಾಸುಂಟು.

ಆ ಅಳಿಯ ನಾನೇ:
ವಕೀಲರೇ, ತುಂಬಾ ಉಪಕಾರ. ಗೋವಿಂದ ಪೈಗಳ ವಿಷಯ ನಿಜವಾಗಿ ಹೊಳೆದೇ ಇರಲಿಲ್ಲ.

ಕೆಲಸದ ಬಗ್ಗೆ ಈಗಲೇ ಏನೂ ಹೇಳುವುದಿಲ್ಲ. ಅಪಾಯಿಂಟ್‌ಮೆಂಟ್ ಆರ್ಡರ್ ಬರಲಿ. ಬಾಸ್ ಅಣ್ಣ, ನಿಮ್ಮ ಹತ್ತಿರ ಎರಡು ವಿಷಯ ಕೇಳುವುದಿತ್ತು. ಒಂದು, ಮಳೆಗಾಲದಲ್ಲಿ ಗಿಟಾರಿನ ತಂತಿ ತಿಂಗಳಿಗೇ ತುಕ್ಕು ಹಿಡಿಯುತ್ತದೆ, ಅದರ ಕುತ್ತಿಗೆಯೂ ಬಾಗಿದೆ. ಎಂತ ಮಾಡುವುದು? ಎರಡು, ಡ್ರಮ್ಸ್ ರೆಕಾರ್ಡ್ ಮಾಡಲು ಈ ಕಡೆ ಜಾಗ ಉಂಟಾ? ಮನೆಯಲ್ಲಿ ಬಾರಿಸಿದರೆ ಹಟ್ಟಿಯ ದನ ಹಗ್ಗ ಕಿತ್ತುಕೊಂಡು ಓಡುತ್ತದೆ.

ಪೆರ್ಲದ ಬಾಸ್:
ತಂತಿಗೆ: ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಲ್ಲಿ ಮೇಲೂ ಕೆಳಗೂ ಒರೆಸು. ಬೆವರಿನ ಉಪ್ಪೇ ಅರ್ಧ ತುಕ್ಕು. ಲೇಪ ಇರುವ ತಂತಿ ದುಬಾರಿ, ಆದರೆ ನಮ್ಮ ಹವೆಗೆ ಅದೇ ಲಾಭ. ಗಿಟಾರನ್ನು ಗೋಡೆಗೆ ನೇತು ಹಾಕಬೇಡ, ಜೂನ್ ಬಂದರೆ ಗೋಡೆಯೇ ಬೆವರುತ್ತದೆ. ಪೆಟ್ಟಿಗೆಯಲ್ಲಿಟ್ಟು ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕು, ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಕುತ್ತಿಗೆಯ ಒಳಗೆ ಒಂದು ಕಬ್ಬಿಣದ ಸರಳು ಉಂಟು, ಅಲೆನ್ ಕೀಲಿಯಲ್ಲಿ ತಿರುಗಿಸುವುದು. ಒಂದು ಸಲಕ್ಕೆ ಕಾಲು ಸುತ್ತು, ಮರುದಿನ ನೋಡು, ಆಮೇಲೆ ಇನ್ನೊಂದು ಕಾಲು. ಅವಸರ ಮಾಡಿದರೆ ಸರಳು ತುಂಡಾಗುತ್ತದೆ, ಆಮೇಲೆ ಗಿಟಾರ್ ಒಲೆಗೆ.

ಡ್ರಮ್ಸಿಗೆ: ನಮ್ಮ ಅಡಿಕೆ ಗೋದಾಮು ಉಂಟು. ಗೋಣಿ ತುಂಬಿದ್ದರೆ ಸದ್ದು ಹೊರಗೆ ಹೋಗುವುದಿಲ್ಲ, ಒಳಗೂ ಗುಂಯ್ ಅನ್ನುವುದಿಲ್ಲ. ಬಾಡಿಗೆ ಕೇಳುವುದಿಲ್ಲ, ಆದರೆ ಬಾಸು ನಾನೇ ನುಡಿಸುವುದು.

ಬೇಳದ ಮಾವ:
ಬಾಸ್ ಅವರೇ, ಗೋದಾಮಿಗೆ ಬರುವ ದಾರಿಯಲ್ಲಿ ಪಿಕಪ್ ಹೋಗುತ್ತದಾ? ಡ್ರಮ್ಸ್ ಸಾಗಿಸಲು ನನ್ನದೇ ವಾಹನ ಉಂಟು. ತಂಗಿಗೆ ಮಾತ್ರ ಸದ್ಯಕ್ಕೆ ಯಾರೂ ಹೇಳಬೇಡಿ.

ಆ ಅಳಿಯ ನಾನೇ:
ಮಾವ, ಅಮ್ಮನೂ ಇದನ್ನು ಓದುತ್ತಿದ್ದಾರೆ.

ಪೆರ್ಲದ ಬಾಸ್:
ಪಿಕಪ್ ಬರುತ್ತದೆ, ಕೊನೇ ತಿರುವಿನಲ್ಲಿ ಸ್ವಲ್ಪ ಜಾಗ್ರತೆ. ಶನಿವಾರ ಬನ್ನಿ, ಅವತ್ತು ಕರೆಂಟ್ ತೆಗೆಯುವುದಿಲ್ಲ ಅಂತ ಲೈನ್‌ಮ್ಯಾನ್ ಹತ್ತಿರ ಕೇಳಿಟ್ಟಿದ್ದೇನೆ.